ಲೆಕ್ಕದಲ್ಲಿ ನಲವತ್ತೆರಡು

ಹೋದ ವಾರ ಬೆಳಗಿನ ವಾಕಿಂಗ್ ಮುಗಿಸಿ ಬರುತ್ತಿದ್ದೆ. ನಮ್ಮ ಬೀದಿಯ ಕೊನೆಯ ಮೈದಾನದಲ್ಲಿ ಯಾವುದೋ ಶಾಲೆಯ ಕ್ರೀಡಾಕೂಟಕ್ಕೆ ಗೆರೆ ಎಳೆಯುತ್ತಿದ್ದರು. ಒಬ್ಬ ಹಗ್ಗ ಹಿಡಿದು ನಿಂತಿದ್ದ, ಇನ್ನೊಬ್ಬ ಸುಣ್ಣದ ಪುಡಿ ಉದುರಿಸಿಕೊಂಡು ಬರುತ್ತಿದ್ದ. ಹಿಂದಿನ ದಿನ ನಾಲ್ಕು ಹನಿ ಬಿದ್ದು ನೆಲ ಒದ್ದೆಯಾಗಿತ್ತು. ಒದ್ದೆ ನೆಲಕ್ಕೆ ಸುಣ್ಣ ಬಿದ್ದಾಗ ಬರುವ ಆ ವಾಸನೆ... ಮೂಗಿಗಿಂತ ಮೊದಲು ಗಂಟಲಿಗೆ ತಾಕುವಂಥದ್ದು. ಇಂದಿರಾನಗರದಲ್ಲಿ ಈಗ ಬೆಳಿಗ್ಗೆ ಹೊತ್ತು ಹೋಟೆಲುಗಳ ಹಳೇ ಎಣ್ಣೆಯ ವಾಸನೆ ಬಿಟ್ಟರೆ ಬೇರೆ ಏನೂ ಬರುವುದಿಲ್ಲ. ನಾನು ಅಲ್ಲೇ ಕಾಂಪೌಂಡ್ ಹಿಡಿದುಕೊಂಡು ನಿಂತುಬಿಟ್ಟೆ. ಆ ವಾಸನೆಯ ಜೊತೆಗೆ ಅಕ್ಕ ಬಂದಳು.

ಒಡಹುಟ್ಟಿದ ಅಕ್ಕ ಅಲ್ಲ. ಪಕ್ಕದ ಮನೆಯವಳು. ಅರವತ್ತರ ದಶಕದಲ್ಲಿ ನಾವು ಹಲಸೂರಿನ ಒಂದು ವಠಾರದಲ್ಲಿದ್ದೆವು. ನಮ್ಮಪ್ಪ ಮಿಲಿಟರಿ ಡಿಪೋದಲ್ಲಿ ಮೂಟೆ ಹೊರುತ್ತಿದ್ದರು. ಅವರಪ್ಪ ದಂಡು ಪ್ರದೇಶದ ಬಂಗಲೆಗಳಿಗೆ ಸುಣ್ಣ ಹೊಡೆಯುತ್ತಿದ್ದರು. ಎರಡು ಮನೆಗೂ ಸೇರಿ ಒಂದೇ ಜಗಲಿ. ಅವರ ಬಾಗಿಲ ಮುಂದೆ ಸದಾ ಒಂದು ಡ್ರಮ್ಮಿನಲ್ಲಿ ಸುಣ್ಣದ ಕಲ್ಲು ನೀರು ಕುಡಿದು ಕೊತಕೊತ ಕುದಿಯುತ್ತಿತ್ತು. ಮಕ್ಕಳು ಹತ್ತಿರ ಹೋದರೆ ಅವರು, "ಏಯ್, ಕಣ್ಣು ಹೋಗತ್ತೆ, ಆಚೆ ನಡೀರಿ!" ಎಂದು ಕೂಗುತ್ತಿದ್ದರು. ಮಗಳನ್ನು ಕರೆಯುತ್ತಿದ್ದದ್ದೂ "ಕಣ್ಣು" ಎಂದೇ. ಅವರ ಮನೆಮಾತು ತಮಿಳು.

ಅಕ್ಕ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು, ಆದರೆ ಓದುತ್ತಿದ್ದದ್ದು ನನ್ನ ಕ್ಲಾಸಿನಲ್ಲೇ. ತಮ್ಮಂದಿರನ್ನು ಎತ್ತಿಕೊಳ್ಳಲು ಜನ ಬೇಕೆಂದು ಅವಳನ್ನು ತಡವಾಗಿ ಶಾಲೆಗೆ ಹಾಕಿದ್ದರು. ಬೆಳಿಗ್ಗೆ ಅಪ್ಪನ ಜೊತೆ ಹೋಗಿ ಸುಣ್ಣದ ಬಕೆಟ್ಟುಗಳನ್ನು ಏಣಿಯ ಬುಡಕ್ಕೆ ಹೊತ್ತು ಹಾಕಿ ಶಾಲೆಗೆ ಬರುತ್ತಿದ್ದಳು. ಉಗುರಿನ ಸಂದಿಯಲ್ಲಿ ಬಿಳಿ ಹಾಗೇ ಇರುತ್ತಿತ್ತು.

ಎಂಟನೇ ಕ್ಲಾಸಿನ ಮೊದಲ ಆಟದ ಪೀರಿಯಡ್ಡು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಗೇಮ್ಸ್ ಟೀಚರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಓಡಲು ಹೇಳಿದರು. ಅರ್ಧ ದಾರಿಯಲ್ಲಿ ಅಕ್ಕನ ಲಂಗ ಕಾಲಿಗೆ ಸಿಕ್ಕಿಕೊಂಡಿತು. ಅವಳು ನಿಂತಳು. ಆತುರವೇ ಇಲ್ಲದವಳ ಹಾಗೆ ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮತ್ತೆ ಓಡಿದಳು. ಆದರೂ ಮೊದಲು ಬಂದಳು. ಟೀಚರ್ ಬಾಯಲ್ಲಿದ್ದ ವಿಷಲ್ ಕೆಳಗೆ ಬಿತ್ತು.

"ಯಾರಮ್ಮ ನೀನು? ಎಲ್ಲಿದ್ದೆ ಇಷ್ಟು ದಿನ?"

"ಇಲ್ಲೇ ಮಿಸ್. ಕೊನೇ ಬೆಂಚು."

ಗೇಮ್ಸ್ ಟೀಚರಿಗೆ ಮದುವೆಯಾಗಿರಲಿಲ್ಲ. ಕುಕ್ ಟೌನಿನಲ್ಲಿ ವಯಸ್ಸಾದ ತಾಯಿಯ ಜೊತೆಗಿದ್ದರು. ಅಂದಿನಿಂದ ಅವರಿಗೆ ಅಕ್ಕನೇ ಲೋಕವಾದಳು. ಶಿವಾಜಿನಗರದಲ್ಲಿ ಬಟ್ಟೆ ತಂದು, ಓಡಲು ಅನುಕೂಲವಾಗುವಂಥ ಸ್ಕರ್ಟನ್ನು ತಾವೇ ಹೊಲಿದುಕೊಟ್ಟರು. ಟಿಫನ್ ಡಬ್ಬಿಯಲ್ಲಿ ಬೇಯಿಸಿದ ಮೊಟ್ಟೆ ತಂದು, ಮೈದಾನದ ಅಂಚಿನಲ್ಲಿ ಎದುರಿಗೆ ಕೂರಿಸಿಕೊಂಡು ತಿನ್ನಿಸುತ್ತಿದ್ದರು. ಹೆತ್ತವರೂ ಅಷ್ಟು ಮಾಡುತ್ತಿರಲಿಲ್ಲ. ಇದನ್ನು ನಾನು ಬೇಕೆಂದೇ ಬರೆಯುತ್ತಿದ್ದೇನೆ. ಟೀಚರು ಕೆಟ್ಟವರಾಗಿದ್ದರೆ ನನಗೆ ಇಷ್ಟು ವರ್ಷ ಇದು ಉರಿಯುತ್ತಿರಲಿಲ್ಲ.

ಅಕ್ಕನಿಗೆ ಬಾರದ ಆಟವೇ ಇರಲಿಲ್ಲ. ಓಟ, ಉದ್ದ ಜಿಗಿತ ಸರಿ, ಅದು ಕಾಲಿನ ಮಾತು. ಗುಂಡು ಎಸೆತದಲ್ಲಿ ಅವಳಿಗಿಂತ ದಪ್ಪ ದಪ್ಪ ಹುಡುಗಿಯರು ಬಂದು ನಿಂತರೂ ಇವಳ ಗುಂಡೇ ದೂರ ಹೋಗಿ ಬೀಳುತ್ತಿತ್ತು. ಬಕೆಟ್ ಹೊತ್ತ ತೋಳು. ಖೋ ಖೋದಲ್ಲಿ ಬೆನ್ನಿಗೆ ಕೈ ತಾಕಿತು ಅನ್ನುವಷ್ಟರಲ್ಲಿ ಕಂಬ ಸುತ್ತಿ ಆಚೆ ಇರುತ್ತಿದ್ದಳು. ಬಾಲ್ ಬ್ಯಾಡ್ಮಿಂಟನ್ನಿನ ಹಳದಿ ಉಣ್ಣೆಯ ಚೆಂಡನ್ನು ಬಲಗೈಯಲ್ಲಿ ಹೊಡೆದು ಸಾಕಾದರೆ ಎಡಗೈಯಲ್ಲಿ ಹೊಡೆಯುತ್ತಿದ್ದಳು, ಎದುರಿನವರಿಗೆ ತಲೆ ಕೆಡಲಿ ಎಂದು.

ಕಂಟೋನ್ಮೆಂಟಿನ ಶಾಲೆಗಳೆಲ್ಲ ಸೇರಿ ವರ್ಷಕ್ಕೊಮ್ಮೆ ನಡೆಸುತ್ತಿದ್ದ ಕೂಟದಲ್ಲಿ, ಎಲ್ಲ ಆಟಗಳ ಅಂಕ ಕೂಡಿಸಿ ಹೆಚ್ಚು ಬಂದ ಶಾಲೆಗೆ ಒಂದು ದೊಡ್ಡ ಬೆಳ್ಳಿಯ ಶೀಲ್ಡ್ ಕೊಡುತ್ತಿದ್ದರು. ಅದು ರೋಲಿಂಗ್ ಶೀಲ್ಡು. ಮುಂದಿನ ವರ್ಷ ಗೆದ್ದವರಿಗೆ ದಾಟಿಸಬೇಕು. ಬಿಡದೆ ಮೂರು ವರ್ಷ ಗೆದ್ದ ಶಾಲೆಗೆ ಮಾತ್ರ ಅದು ಕಾಯಂ. ಕಾನ್ವೆಂಟಿನ ಹುಡುಗಿಯರು ಮುಳ್ಳಿನ ಬೂಟು ಹಾಕಿಕೊಂಡು ಬಂದು, ಬರಿಗಾಲಿನ ಅಕ್ಕನನ್ನು ನೋಡಿ ಮುಸಿಮುಸಿ ನಗುತ್ತಿದ್ದರು. ಅಕ್ಕ ಗೆರೆಯ ಮೇಲೆ ಕೂತವಳು ಪಕ್ಕಕ್ಕೆ ತಿರುಗಿ, "ನಗಮ್ಮ, ಈಗ್ಲೇ ನಕ್ಕೋ. ಆಮೇಲೆ ಉಸಿರು ಸಿಗಲ್ಲ," ಎನ್ನುತ್ತಿದ್ದಳು.

ಆ ಗೆರೆಗಳನ್ನು ಎಳೆಯುತ್ತಿದ್ದವರು ಅಕ್ಕನ ಅಪ್ಪ. ಗೇಮ್ಸ್ ಟೀಚರು ಒಮ್ಮೆ ಕೇಳಿದ್ದೇ ತಡ, ಕೂಟದ ಸುಣ್ಣದ ಕೆಲಸ ತನ್ನದು ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ತೂತು ಮಾಡಿದ ಡಬ್ಬ ಹಿಡಿದು, ಹಗ್ಗದ ಪಕ್ಕ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾ ಎಳೆಯುತ್ತಿದ್ದರು. ಬಂಗಲೆ ಗೋಡೆಯ ಅಂಚಿಗಿಂತ ನೀಟು. ಮುಗಿದ ಮೇಲೆ ಮರದ ಕೆಳಗೆ ಕುಕ್ಕರಗಾಲಿನಲ್ಲಿ ಕೂತು, ಮಗಳು ತಮ್ಮ ಗೆರೆಯ ಮೇಲೆ ಓಡುವುದನ್ನು ನೋಡುತ್ತಿದ್ದರು. ಚಪ್ಪಾಳೆ ತಟ್ಟುತ್ತಿರಲಿಲ್ಲ. ಮೀಸೆ ಮಾತ್ರ ತಿರುವುತ್ತಿದ್ದರು.

ಎಂಟನೇ ಕ್ಲಾಸಿನಲ್ಲಿ ಶೀಲ್ಡ್ ನಮಗೆ ಬಂತು. ಒಂಬತ್ತರಲ್ಲೂ ಬಂತು. ಎರಡನೇ ಸಲ ಗೆದ್ದ ದಿನ, ಹಳೇ ಮದ್ರಾಸ್ ರಸ್ತೆಯ ಕಡೆಯ ಒಂದು ದೊಡ್ಡ ಕಾರ್ಖಾನೆಯ ಅಧಿಕಾರಿಯೊಬ್ಬರು ಅತಿಥಿಯಾಗಿ ಬಂದಿದ್ದರು. ಅವರ ಕಾರ್ಖಾನೆಯಲ್ಲಿ ಹೆಂಗಸರ ಟೀಮಿತ್ತು. ಅವರು ಅಕ್ಕನ ಅಪ್ಪನನ್ನು ಕರೆದು ಹೇಳಿದ್ದನ್ನು ನಾನೇ ಕೇಳಿದ್ದೇನೆ. "ಎಸ್‌ಎಸ್‌ಎಲ್‌ಸಿ ಒಂದು ಮುಗಿಸ್ಲಿ ಯಜಮಾನ್ರೇ. ಸರ್ಟಿಫಿಕೇಟ್ ಇಲ್ದೆ ನಾವು ಯಾರನ್ನೂ ತಗೊಳ್ಳಕ್ಕಾಗಲ್ಲ. ಮುಗಿಸಿದ ಮಾರನೇ ದಿನ ನನ್ನ ಹತ್ರ ಕಳಿಸಿ, ಕೆಲಸ ಕೊಡ್ತೀವಿ."

ಕೆಲಸ! ನಮ್ಮ ವಠಾರದಲ್ಲಿ ಕಾರ್ಖಾನೆಯ ಬಸ್ಸು ಹತ್ತಿದ ಹೆಂಗಸು ಒಬ್ಬಳೂ ಇರಲಿಲ್ಲ. ಅಂದು ಸಂಜೆ ಅವರಪ್ಪ ಎಲ್ಲರ ಮನೆಗೂ ಬೋಂಡ ಹಂಚಿದರು.

ಅಕ್ಕನಿಗೆ ಉಳಿದ ಪಾಠಗಳು ಹೇಗೋ ನಡೆಯುತ್ತಿದ್ದವು, ಲೆಕ್ಕ ಮಾತ್ರ ಕಷ್ಟ. "ನನ್ ತಲೆ ಕಾಲಲ್ಲಿದೆ ಕಣೇ, ಮೇಲಿರೋದು ಬರೀ ಕೂದ್ಲು," ಎನ್ನುತ್ತಿದ್ದಳು. ಒಂಬತ್ತರ ಪರೀಕ್ಷೆಗೆ ಮುಂಚೆ ನಾವಿಬ್ಬರೂ ಜಗಲಿಯ ಮೇಲೆ ಕೂತು, ಅವರಪ್ಪನ ಸುಣ್ಣದ ಹೆಂಟೆಯಿಂದಲೇ ನೆಲದ ಮೇಲೆ ಬರೆದು ಬರೆದು ಲೆಕ್ಕ ಮಾಡಿದೆವು. ತೊಟ್ಟಿಗೆ ನಲ್ಲಿ ಬಿಡುವ ಲೆಕ್ಕ, ಬಡ್ಡಿ ಲೆಕ್ಕ, ರೈಲಿನ ಲೆಕ್ಕ. ರೈಲಿನ ಲೆಕ್ಕ ಅವಳಿಗೆ ಬೇಗ ಹತ್ತಿತು. "ಇದು ಓಟದ್ದೇ ಅಲ್ವಾ? ಮೊದ್ಲೇ ಹೇಳ್ಬಾರ್ದಾ?" ಎಂದಳು.

ಪರೀಕ್ಷೆ ಮುಗಿಸಿ ಬಂದ ಮಧ್ಯಾಹ್ನ ಪ್ರಶ್ನೆಪತ್ರಿಕೆ ಮುಂದಿಟ್ಟುಕೊಂಡು ಒಂದೊಂದನ್ನೂ ಕೇಳಿದೆ. ಅವಳು ಏನು ಬರೆದಿದ್ದಳೋ ಹಾಗೆಯೇ ನೆಲದ ಮೇಲೆ ಮಾಡಿ ತೋರಿಸಿದಳು. ನಾನು ಜಿಪುಣತನದಲ್ಲೇ ಅಂಕ ಹಾಕಿದೆ. ಅರ್ಧ ತಪ್ಪಿದ್ದಕ್ಕೆ ಏನೂ ಕೊಡಲಿಲ್ಲ. ಕೂಡಿಸಿದರೆ ನಲವತ್ತೆರಡು. ಪಾಸಿಗೆ ಮೂವತ್ತೈದು ಸಾಕು.

"ಸರಿಯಾಗಿ ಕೂಡ್ಸು."

"ಕೂಡ್ಸಿದೀನಿ ಅಕ್ಕಾ. ನಲವತ್ತೆರಡು. ಕಮ್ಮಿ ಅಂದ್ರೂ."

ಅವಳು ಎದ್ದು ಜಗಲಿಯಿಂದ ಬೀದಿಗೆ ಒಂದು ಜಿಗಿತ ಜಿಗಿದಳು. ಅದನ್ನು ಯಾರೂ ಅಳೆಯಲಿಲ್ಲ. ಅಳೆದಿದ್ದರೆ ಅದೇ ಅವಳ ದೊಡ್ಡ ಜಿಗಿತ ಇರಬೇಕು...

ರಿಸಲ್ಟಿನ ದಿನ ಹೆಡ್‌ಮಿಸ್ಟ್ರೆಸ್ ಕ್ಲಾಸಿಗೆ ಬಂದು ಪಾಸಾದವರ ಹೆಸರು ಓದಿದರು. ನನ್ನದು ಬಂತು. ಅವಳದು ಬರಲಿಲ್ಲ. ಲೆಕ್ಕದಲ್ಲಿ ಹೋಗಿದೆ ಎಂದರು. ಅಕ್ಕ ನನ್ನ ಕಡೆ ನೋಡಲಿಲ್ಲ. ಬೆಂಚಿನ ಮೇಲೆ ಉಗುರಿನಿಂದ ಗೀಚುತ್ತಾ ಕೂತಳು. ನಾನು ಲೆಕ್ಕದ ಟೀಚರ ಹಿಂದೆ ವರಾಂಡದಲ್ಲಿ ಓಡಿ, ಅವಳ ಪೇಪರನ್ನು ಒಂದು ಸಲ ನೋಡಬಹುದಾ ಎಂದು ಕೇಳಿದೆ. ಅವರು ನನ್ನ ಮುಖ ನೋಡದೆ, "ನೀನು ಪಾಸಾಗಿದ್ದೀಯಲ್ಲ, ನಿನಗ್ಯಾಕೆ? ಮನೆಗೆ ಹೋಗು," ಎಂದರು.

ಅವರಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. "ಸಾಕು ಕಣ್ಣು," ಎಂದರು, ಅಷ್ಟೇ. ಹೆಣ್ಣುಮಗಳು, ಆಗಲೇ ದೊಡ್ಡವಳು, ಫೇಲಾಗಿ ಇನ್ನೂ ಚಿಕ್ಕ ಮಕ್ಕಳ ಜೊತೆ ಮತ್ತೆ ಅದೇ ಬೆಂಚಿನಲ್ಲಿ ಕೂರುವುದು ಅವರ ಲೆಕ್ಕದಲ್ಲಿ ಇರಲಿಲ್ಲ. ನಮ್ಮಂಥವರ ಮನೆಗಳಲ್ಲಿ ಹುಡುಗಿ ಪಾಸಾಗುತ್ತಾ ಇರುವವರೆಗೆ ಮಾತ್ರ ಶಾಲೆ. ಒಂದು ಸಲ ನಿಂತರೆ ಮುಗಿಯಿತು. ಇದು ನಮಗೆಲ್ಲ ಗೊತ್ತಿತ್ತು. ಅದಕ್ಕೇ ನಾನು ಪ್ರತಿ ವರ್ಷವೂ ಜೀವ ಕೈಯಲ್ಲಿ ಹಿಡಿದುಕೊಂಡು ಓದಿದ್ದು.

ಶಾಲೆ ಮತ್ತೆ ಶುರುವಾದ ಮೇಲೆ ಗೇಮ್ಸ್ ಟೀಚರು ನಮ್ಮ ವಠಾರಕ್ಕೆ ಬಂದರು. ಛತ್ರಿ ಮಡಿಚಿ ನಮ್ಮ ಜಗಲಿಯ ಮೇಲೆಯೇ ಕೂತರು. ಅಕ್ಕ ಒಳಗೆ ಬಾಗಿಲ ಹಿಂದೆ ನಿಂತಿದ್ದಳು. ನಾನು ಕರೆಯಲು ಹೋದರೆ, "ಬರಲ್ಲ ಕಣೇ. ಟೀಚರು ಅಷ್ಟೆಲ್ಲ ಮೊಟ್ಟೆ ತಿನ್ಸಿದ್ರು, ಮೂವತ್ತೈದು ತಗೊಳ್ಳೋ ಯೋಗ್ಯತೆ ಇಲ್ಲ ನಂಗೆ. ಯಾವ ಮುಖ ಇಟ್ಕೊಂಡ್ ಬರ್ಲಿ?" ಎಂದಳು.

ಹೊರಗೆ ಟೀಚರು ಬೇಡಿಕೊಳ್ಳುತ್ತಿದ್ದರು. "ಒಂದೇ ಒಂದು ವರ್ಷ ಕಳಿಸಿ ಯಜಮಾನ್ರೇ. ಇಂಥ ಹುಡುಗಿ ಮತ್ತೆ ಹುಟ್ಟಲ್ಲ."

"ಹುಡುಗಿ ಒಳ್ಳೇವ್ಳೇ ಅಮ್ಮಾ. ತಲೆ ಇಲ್ಲ. ನೀವೇ ಫೇಲ್ ಅಂದ್ರಲ್ಲ," ಎಂದರು ಅವರಪ್ಪ.

ಟೀಚರು ಬಾಯಿ ತೆರೆದರು. ಮತ್ತೆ ಮುಚ್ಚಿಕೊಂಡರು. ಸೆರಗಿನಿಂದ ಕಣ್ಣು ಒರೆಸಿಕೊಂಡು ಎದ್ದು ಹೋದರು. ಎಂಥ ಪ್ರೀತಿ ಎಂದು ನನಗೆ ಆಗ ಅನ್ನಿಸಿತ್ತು.

ಆ ವರ್ಷದ ಕೂಟಕ್ಕೂ ಅವರಪ್ಪ ಸುಣ್ಣ ತಂದರು, ಮಾತು ಕೊಟ್ಟಿದ್ದೇನೆ ಎಂದು. ಎಲ್ಲ ಗೆರೆ ಎಳೆದು, ಡಬ್ಬ ತೊಳೆದು, ಓಟ ಶುರುವಾಗುವ ಮೊದಲೇ ಹೊರಟುಹೋದರು. ಶೀಲ್ಡ್ ಬೇರೆ ಶಾಲೆಗೆ ಹೋಯಿತು. ಅಷ್ಟು ಹೊತ್ತಿಗೆ ಅಕ್ಕನಿಗೆ ಕೆ.ಆರ್. ಪುರದ ಕಡೆ ಗಂಡು ಗೊತ್ತಾಗಿತ್ತು.

ನಾನು ಎಸ್‌ಎಸ್‌ಎಲ್‌ಸಿ ಮಾಡಿದೆ, ಪಿಯುಸಿ ಮಾಡಿದೆ, ಬಿ.ಎ. ಮಾಡಿದೆ. ನಮ್ಮ ಮನೆಯಲ್ಲಿ ಡಿಗ್ರಿ ಅನ್ನುವುದನ್ನು ಮೊದಲು ಕಂಡವಳು ನಾನೇ. ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ, ಯಾರೂ ಅದನ್ನು ತಟ್ಟೆಯಲ್ಲಿಟ್ಟು ಕೊಡಲಿಲ್ಲ. ರಿಸಲ್ಟ್ ಬಂದ ವಾರ ಸ್ವೀಟ್ ಕಟ್ಟಿಸಿಕೊಂಡು ಕುಕ್ ಟೌನಿಗೆ ಹೋದೆ, ಗೇಮ್ಸ್ ಟೀಚರಿಗೆ ಕೊಡಲು. ಅವರು ರಿಟೈರಾಗಿದ್ದರು. ತಾಯಿ ತೀರಿಕೊಂಡಿದ್ದರು. ನನ್ನನ್ನು ತಬ್ಬಿಕೊಂಡು, ಕೇಕ್ ಕೊಟ್ಟು ಕೂರಿಸಿದರು. ಮಾತು ತಾನಾಗಿ ಅಕ್ಕನ ಕಡೆಗೆ ತಿರುಗಿತು.

"ಆ ಮನುಷ್ಯ ಮೋಸ ಮಾಡ್ಬಿಟ್ಟ ನಂಗೆ," ಎಂದರು ಟೀಚರು.

"ಯಾರು ಮಿಸ್?"

"ಅವಳಪ್ಪ. ಇನ್ನೊಂದು ವರ್ಷ ಆಡಿದ್ರೆ ಶೀಲ್ಡ್ ನಮ್ದೇ ಆಗ್ತಿತ್ತು, ಫಾರ್ ಗುಡ್. ಎಸ್‌ಎಸ್‌ಎಲ್‌ಸಿಗೆ ಹೋದ್ರೆ ಹೆಡ್‌ಮಿಸ್ಟ್ರೆಸ್ ಆಟಕ್ಕೆ ಬಿಡ್ತಿರ್ಲಿಲ್ಲ, ನಿಂಗೊತ್ತಲ್ಲ, ರೂಲು. ನಾನು ಎಷ್ಟ್ ಕೇಳ್ದೆ! ಕೊನೇಗೆ ಲೆಕ್ಕದ ಮಿಸ್ಸನ್ನ ಒಪ್ಸಿ, ಒಂಬತ್ತರಲ್ಲೇ ನಿಲ್ಲಿಸ್ಕೊಂಡ್ವಿ. ಒಂದೇ ವರ್ಷ, ಅವಳಿಗೇನ್ ನಷ್ಟ? ಮುಂದಿನ ವರ್ಷ ಪಾಸ್ ಮಾಡ್ತಿದ್ವಿ. ಇಷ್ಟೆಲ್ಲ ಮಾಡಿ ನಿಲ್ಲಿಸ್ಕೊಂಡ್ರೆ, ಅವನು ಬಿಡಿಸ್ಬಿಟ್ಟ. ನಂಗೆ ಎಷ್ಟು ದುಃಖ ಆಯ್ತು ಅಂತೀಯಾ..."

ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು. ಕೇಕಿನ ತುಂಡು ನನ್ನ ಕೈಯಲ್ಲೇ ಇತ್ತು. ನನಗೆ ನೆನಪಾದದ್ದು ಜಗಲಿ. ಅವರು ಬಾಯಿ ತೆರೆದು ಮುಚ್ಚಿಕೊಂಡದ್ದು. ಹುಡುಗಿ ಪಾಸಾಗಿದ್ದಾಳೆ ಯಜಮಾನ್ರೇ, ಎಂದು ಅವರು ಅವತ್ತು ಒಂದು ಮಾತು ಹೇಳಿದ್ದರೆ, ಆ ಅಪ್ಪ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟುಬರುತ್ತಿದ್ದರು. ಬಾಗಿಲ ಹಿಂದೆ ಅವಳು ನಿಂತಿದ್ದಳು.

ಕೇಕ್ ಕೆಳಗಿಟ್ಟು ಎದ್ದೆ.

ಮುಂದಿನ ಭಾನುವಾರ ಕೆ.ಆರ್. ಪುರದ ಬಸ್ಸು ಹತ್ತಿದೆ. ಅಕ್ಕ ಬಾಗಿಲಲ್ಲಿ ಕೂತು ಊದುಬತ್ತಿ ಉಜ್ಜುತ್ತಿದ್ದಳು. ತೊಡೆಯ ಪಕ್ಕ ಒಂದು ಹೆಣ್ಣು ಮಗು ಮಲಗಿತ್ತು. ಅದೇ ತೋಳು, ಮಣೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿತ್ತು. ನನ್ನನ್ನು ನೋಡಿ, "ಬಾರೇ ಬಿ.ಎ.! ನೆಲದ ಮೇಲೆ ಕೂರ್ತೀಯೋ, ಕುರ್ಚಿ ತರಿಸ್ಲೋ?" ಎಂದು ಕಿಚಾಯಿಸಿದಳು. ಕೂತೆ. ಕೇಳಿದ್ದನ್ನು ಕೇಳಿದ ಹಾಗೆ ಹೇಳಿದೆ.

ಅವಳ ಕೈ ನಿಂತಿತು. ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದು ಕಾದೆ. ಅವಳು ಕೈಯ ಕಪ್ಪನ್ನು ಸೀರೆಗೆ ಒರೆಸಿಕೊಂಡಳು.

"ಎಷ್ಟು ಬಂದಿತ್ತಂತೆ?"

"ಏನು?"

"ಲೆಕ್ಕದಲ್ಲಿ. ಎಷ್ಟು ಬಂದಿತ್ತು ನಂಗೆ?"

ನಾನು ಕೇಳಿರಲಿಲ್ಲ. "ನಲವತ್ತೆರಡು ಅಂತ ಅವತ್ತೇ ಹೇಳಿರ್ಲಿಲ್ವಾ ಅಕ್ಕಾ?" ಎಂದೆ.

"ಅದು ನೀನ್ ಹಾಕಿದ್ದು. ಅವರು ಹಾಕಿದ್ದೆಷ್ಟು? ಕೇಳ್ಕೊಂಡ್ ಬಾ."

ಮತ್ತೆ ಆ ಮನೆಯ ಮೆಟ್ಟಿಲು ಹತ್ತುವುದು ನನಗೆ ಬೇಡವಾಗಿತ್ತು. ಆದರೂ ಹತ್ತಿದೆ. ಟೀಚರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. "ಅಯ್ಯೋ, ಅದೆಲ್ಲ ಯಾರಿಗಮ್ಮ ನೆನಪಿರತ್ತೆ? ಪಾಸಂತೂ ಆಗಿದ್ಲು. ಲೆಕ್ಕದ ಮಿಸ್ಸು ತೀರ್ಕೊಂಡ್ರು, ಪೇಪರೆಲ್ಲ ಆಗ್ಲೇ ತೂಕಕ್ಕೆ ಹಾಕ್ಬಿಟ್ರು," ಎಂದರು. ಶೀಲ್ಡಿನ ಅಂಕಗಳನ್ನು ಆಟವಾರು ಹೇಳಬಲ್ಲವರು. ಒಂದು ಹುಡುಗಿಯ ಬಾಳು ನಿಂತ ಅಂಕ ಅವರಿಗೆ ನೆನಪಿರಲಿಲ್ಲ. ಮೊದಲು ಹೇಳಿದ್ದಕ್ಕಿಂತ ಇದೇ ನನಗೆ ಹೆಚ್ಚು ನೋವು ಕೊಟ್ಟಿತು. ಆಮೇಲೆ ನಾನು ಅವರನ್ನು ನೋಡಲಿಲ್ಲ.

ಕೆ.ಆರ್. ಪುರಕ್ಕೆ ಹೋಗಿ, ಗೊತ್ತಾಗಲಿಲ್ಲ ಎಂದೆ.

ಅಕ್ಕ ಕೈಯಲ್ಲಿದ್ದ ಊದುಬತ್ತಿ ಉಜ್ಜಿ ಮುಗಿಸಿ ನಕ್ಕಳು. "ಬಸ್ಸಲ್ಲಿ ಕೂತ್ಕೊಂಡು ಯಾವ್ದೋ ಒಂದು ನಂಬರ್ ಯೋಚ್ನೆ ಮಾಡ್ಕೊಂಡ್ ಬರ್ಬಾರ್ದಿತ್ತೇನೇ? ಟೀಚರ್ ಹೇಳಿದ್ರು ಅಂದಿದ್ರೆ ನಂಬ್ತಿದ್ದೆ."

ಯೋಚಿಸಿದ್ದೆ. ಹಲಸೂರು ದಾಟುವಾಗಲೇ ಯೋಚಿಸಿದ್ದೆ. ಆದರೆ ಅಂಕದ ವಿಷಯದಲ್ಲಿ ಸುಳ್ಳು ಹೇಳಲು ನನ್ನ ನಾಲಿಗೆ ಹೊರಳಲಿಲ್ಲ. ಅಂಥದ್ದೇ ಒಂದು ಸುಳ್ಳಿನಿಂದ ಅವಳು ಅಲ್ಲಿ ಕೂತಿದ್ದಳಲ್ಲ.

ಆ ಮೇಲೆ ನನಗೆ ವಿಮೆ ಕಚೇರಿಯಲ್ಲಿ ಕೆಲಸವಾಯಿತು, ಮದುವೆಯಾಯಿತು, ಇಂದಿರಾನಗರದಲ್ಲಿ ಸೈಟ್ ಸಿಕ್ಕಿತು. ಗೃಹಪ್ರವೇಶಕ್ಕೆ ಗೋಡೆಗೆ ಸುಣ್ಣ ಹೊಡೆದವರು ಅವರಪ್ಪ, ಮುದುಕರಾಗಿದ್ದರೂ ಏಣಿ ಹತ್ತಿದರು. ಅವರಿಗೆ ನಿಜ ಹೇಳಕೂಡದು ಎಂದು ಅಕ್ಕ ನನ್ನಿಂದ ಮಾತು ತೆಗೆದುಕೊಂಡಿದ್ದಳು. "ಪಾಸಾದವಳನ್ನ ಬಿಡಿಸಿದ್ದು ನಾನು ಅಂತ ಕೊರಗಿ ಸಾಯ್ತಾರೆ. ಬೇಡ," ಎಂದಿದ್ದಳು. ಕುಂಚ ಅದ್ದಿ ಎಳೆಯುತ್ತಾ, "ನಿನ್ನಂಗೆ ನನ್ ಕಣ್ಣಿಗೂ ತಲೆ ಇದ್ದಿದ್ರೆ..." ಎಂದು ಅವರು ಮೇಲಿನಿಂದ ಹೇಳಿದಾಗ, ನಾನು ಏಣಿ ಹಿಡಿದುಕೊಂಡು ಕೆಳಗೆ ನಿಂತಿದ್ದೆ.

ಅಕ್ಕ ಹೋಗಿ ಈಗ ಎರಡು ವರ್ಷ. ಮಣ್ಣು ಮಾಡಿ ಬಂದ ಮೇಲೆ ಅವಳ ಮಗಳು ನನ್ನ ಪಕ್ಕ ಬಂದು ಕೂತಳು. ನಾನು ಸಮಾಧಾನಕ್ಕೆಂದು, ನಿಮ್ಮಮ್ಮ ಓಡುವುದನ್ನು ನೋಡಬೇಕಿತ್ತು ಎಂದೆ. ಅವಳು ಕಣ್ಣರಳಿಸಿದಳು. ಓಟವಾ? ಯಾವ ಓಟ? ಮೆಡಲ್ಲುಗಳ ವಿಷಯ, ಹಳದಿ ಚೆಂಡಿನ ವಿಷಯ, ಶೀಲ್ಡಿನ ವಿಷಯ, ಒಂದನ್ನೂ ಅಕ್ಕ ಮಕ್ಕಳಿಗೆ ಹೇಳಿರಲಿಲ್ಲ.

"ಅಮ್ಮ ಒಂದೇ ಹೇಳ್ತಿದ್ದಿದ್ದು ಆಂಟಿ. ನಾವು ಮ್ಯಾತ್ಸ್ ಕಷ್ಟ ಅಂದಾಗೆಲ್ಲ. ನಂಗೆ ಒಂಬತ್ತನೇ ಕ್ಲಾಸಲ್ಲಿ ನಲವತ್ತೆರಡು ಬಂದಿತ್ತು, ಬೇಕಾದ್ರೆ ಅವಳನ್ನ ಕೇಳಿ ಅಂತ ನಿಮ್ಮ ಹೆಸರು ಹೇಳ್ತಿದ್ರು. ನಾವು ನಗ್ತಿದ್ವಿ. ನಿಜಾನಾ?"

ಮೈದಾನದಲ್ಲಿ ಹೋದ ವಾರ ಗೆರೆ ಎಳೆದು ಮುಗಿಸುವವರೆಗೂ ನಿಂತಿದ್ದೆ. ಆತ ಮುಂದಕ್ಕೆ ನಡೆಯುತ್ತಾ ಎಳೆಯುತ್ತಿದ್ದ, ಗೆರೆ ಅಲ್ಲಲ್ಲಿ ಸೊಟ್ಟಗಿತ್ತು. ಹಿಂದಕ್ಕೆ ಹಿಂದಕ್ಕೆ ನಡೆಯಬೇಕಪ್ಪ, ಎಂದು ಹೇಳೋಣ ಅನ್ನಿಸಿತು. ಹೇಳಲಿಲ್ಲ.

ಅವಳ ಮಗಳಿಗೆ ಮಾತ್ರ ಹೇಳಿದ್ದೆ. "ಹೂಂ, ನಿಜ. ನಲವತ್ತೆರಡು. ಪೇಪರ್ ನಾನೇ ನೋಡಿದ್ದೀನಿ."